ಓದೋಕೆ ಬಾರದ ಡಿಸ್ಕ್ ಖಾಲಿ ಡಿಸ್ಕ್ ಅಲ್ಲ

ಮೇಷ್ಟ್ರೇ, ಒಂದು ನಿಮಿಷ ತಡೀರಿ. ಆ ‘ಫಾರ್ಮ್ಯಾಟ್ ಡಿಸ್ಕ್’ ಅನ್ನೋ ಗುಂಡಿ ಒತ್ತಬೇಡಿ. ಪಕ್ಕದಲ್ಲೇ ‘ಕ್ಯಾನ್ಸಲ್’ ಅಂತ ಇದೆಯಲ್ಲ, ಅದನ್ನ ಒತ್ತಿ. ಹಾಂ, ಸರಿ ಹೋಯ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಈ ಕಡೆ ಬರಬೇಡಿ, ಒಳಗಡೆ ಡಿಸ್ಕ್ ತಿರುಗ್ತಾ ಇರುವಾಗ ಅಲ್ಲಾಡಿಸಬಾರದು. ಜಗಲಿ ಮೇಲೇ ಇರಲಿ. ನನಗೆ ಬೇಲಿ ಈ ಕಡೆಯಿಂದಲೇ ಪರದೆ ಕಾಣ್ತಾ ಇದೆ.

ಏನು ಬರೆದಿದೆ ಅಲ್ಲಿ? ‘ಇ ಡ್ರೈವ್‌ನಲ್ಲಿರೋ ಡಿಸ್ಕನ್ನ ಬಳಸೋ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಅಂತ ತಾನೆ? ಈ ಒಂದು ಪ್ರಶ್ನೆಗೆ ಹೂಂ ಅಂದು ಎಷ್ಟು ಮನೆಯವರು ಮದುವೆ ಫೋಟೋ, ಮಕ್ಕಳ ನಾಮಕರಣದ ವೀಡಿಯೊ ಕಳ್ಕೊಂಡು ನನ್ನ ಸ್ಟುಡಿಯೊ ಬಾಗಿಲಿಗೆ ಬಂದಿದ್ದಾರೆ ಗೊತ್ತಾ? ಅವರದ್ದೇನೂ ತಪ್ಪಿಲ್ಲ. ಮೆಷಿನ್ನೇ ಮಾಡಬೇಕು ಅಂತ ಹೇಳ್ತಿರುವಾಗ ಯಾರಾದ್ರೂ ಮಾಡೇ ಮಾಡ್ತಾರೆ. ಆದ್ರೆ ಡಿಸ್ಕ್ ಖಾಲಿ ಇದೆ ಅಂತಾಗಲಿ, ಕೆಟ್ಟುಹೋಗಿದೆ ಅಂತಾಗಲಿ ಆ ಮಾತಿನಲ್ಲಿ ಎಲ್ಲೂ ಇಲ್ಲ. ‘ಇದರಲ್ಲಿ ಬರೆದಿಟ್ಟಿರೋ ಕ್ರಮ ನನಗೆ ಓದೋಕೆ ಬರಲ್ಲ’ ಅನ್ನೋದನ್ನ ವಿಂಡೋಸ್ ಹಾಗೆ ಹೇಳುತ್ತೆ, ಅಷ್ಟೇ. ನಿಮ್ಮ ಮಗಳು ಆ ಡಿಸ್ಕನ್ನ ಅವಳ ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಫಾರ್ಮ್ಯಾಟ್ ಮಾಡಿ, ನಿಮ್ಮ ತಮ್ಮನ ಭಾಗವತಿಕೆ ಕ್ಯಾಸೆಟ್‌ಗಳನ್ನೆಲ್ಲ ಅದಕ್ಕೆ ಹಾಕಿ ಕೊಟ್ಟಿದ್ದಾಳೆ. ಎಲ್ಲ ಅಲ್ಲೇ ಇದೆ. ಅವಳ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಈಗಲೇ ಹಾಡುತ್ತೆ.

ಇದು ವಿಂಡೋಸ್ ಒಂದರ ಕತೆ ಅಂದುಕೋಬೇಡಿ. ಇದೇ ಡಿಸ್ಕನ್ನ ಬೆಂಗಳೂರಲ್ಲಿರೋ ನಿಮ್ಮ ಮಗ ಅವನ ಮ್ಯಾಕ್‌ಬುಕ್‌ಗೆ ಚುಚ್ಚಿದ್ರೂ ‘ಈ ಡಿಸ್ಕನ್ನ ಈ ಕಂಪ್ಯೂಟರ್ ಓದಲಾರದು’ ಅನ್ನುತ್ತೆ, ಜೊತೆಗೆ ‘ಇನಿಶಿಯಲೈಜ್’ ಅಂತ ಒಂದು ಗುಂಡಿ ತೋರಿಸುತ್ತೆ. ಆ ಗುಂಡೀನೂ ಡಿಸ್ಕ್ ಅಳಿಸೋ ದಾರೀನೇ. ಇನ್ನು ಅವನು ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ತಂದು ನಿಮಗೆ ಕೊಟ್ರೆ, ಎಷ್ಟೋ ಸಲ ನಿಮ್ಮ ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರಾನೇ ಕಾಣಿಸಲ್ಲ, ಡಿಸ್ಕ್ ಹಾಕೇ ಇಲ್ವೇನೋ ಅನ್ನೋ ಹಾಗಿರುತ್ತೆ. ಆಗಲೂ ಒಳಗಿರೋದು ಒಳಗೇ ಇರುತ್ತೆ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದ್ರೆ ಮಾತ್ರ ಬೇರೆ ಲೆಕ್ಕ. ಅದು ಯಂತ್ರದ ದೋಷ, ತಕ್ಷಣ ತೆಗೆದಿಟ್ಟುಬಿಡಬೇಕು, ಮತ್ತೆ ಮತ್ತೆ ಹಾಕಿ ನೋಡಬಾರದು.

ಫಾರ್ಮ್ಯಾಟ್ ಅಂದ್ರೆ ಏನು ಅಂತ ಕೇಳ್ತೀರಾ? ನೀವು ಅಡಿಕೆ ತೋಟ ಇಟ್ಕೊಂಡವರು, ಪಹಣಿ ಅಂದ್ರೆ ಬೇಗ ಅರ್ಥ ಆಗುತ್ತೆ. ಡಿಸ್ಕ್ ಅನ್ನೋದು ಬರೀ ಜಮೀನು. ಅದನ್ನ 512 ಬೈಟ್‌ನದ್ದೋ 4096 ಬೈಟ್‌ನದ್ದೋ ಚಿಕ್ಕ ಚಿಕ್ಕ ಮಡಿ ಮಾಡಿಟ್ಟಿರ್ತಾರೆ. ಯಾವ ಮಡಿಯಿಂದ ಯಾವ ಮಡಿವರೆಗೆ ಯಾವ ಫೈಲ್ ಇದೆ, ಯಾವುದು ಬೀಳು ಬಿದ್ದಿದೆ, ಇದನ್ನೆಲ್ಲ ಬರೆದಿಡೋ ಪಹಣಿ ಪುಸ್ತಕಕ್ಕೆ ಫೈಲ್ ಸಿಸ್ಟಂ ಅಂತಾರೆ. ಒಂದೇ ಡಿಸ್ಕನ್ನ ಎರಡು ಪಾಲು ಮಾಡಿದ್ರೆ ಅದು ಪೋಡಿ, ಕಂಪ್ಯೂಟರಿನವರು ಪಾರ್ಟಿಷನ್ ಅಂತಾರೆ. ಫಾರ್ಮ್ಯಾಟ್ ಮಾಡೋದು ಅಂದ್ರೆ ಹಳೇ ಪಹಣಿ ತೆಗೆದುಹಾಕಿ, ಇಡೀ ಜಮೀನು ಬೀಳು ಅಂತ ಹೊಸ ಪುಸ್ತಕ ಬರೆಯೋದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಪಹಣಿ ಬರೆಯೋ ಕ್ರಮ ಬೇರೆ ಬೇರೆ. ಒಬ್ಬರು ಬರೆದದ್ದು ಎಷ್ಟೋ ಸಲ ಇನ್ನೊಬ್ಬರಿಗೆ ಓದೋಕೆ ಬರಲ್ಲ, ಇರೋ ತಾಪತ್ರಯ ಇದೊಂದೇ.

ಇದರಲ್ಲಿ ಸಮಾಧಾನದ ಸಂಗತಿ ಒಂದಿದೆ. ‘ಕ್ವಿಕ್ ಫಾರ್ಮ್ಯಾಟ್’ ಮಾಡಿದ್ರೆ ಪುಸ್ತಕ ಹೋಗುತ್ತೆ, ಜಮೀನಿನ ಮೇಲಿನ ಬೆಳೆ ಹಾಗೇ ನಿಂತಿರುತ್ತೆ. ಅದಕ್ಕೇ ತಪ್ಪಿ ಫಾರ್ಮ್ಯಾಟ್ ಆದ ಡಿಸ್ಕ್‌ನಿಂದಲೂ ಟೆಸ್ಟ್‌ಡಿಸ್ಕ್, ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶಗಳು ಎಷ್ಟೋ ಫೋಟೋ, ಹಾಡುಗಳನ್ನ ಹೆಕ್ಕಿ ತೆಗೀತವೆ. ಷರತ್ತು ಏನಪ್ಪಾ ಅಂದ್ರೆ, ಫಾರ್ಮ್ಯಾಟ್ ಆದ ಮೇಲೆ ಆ ಡಿಸ್ಕ್ ಮೇಲೆ ಒಂದಕ್ಷರಾನೂ ಹೊಸದಾಗಿ ಬರೀಬಾರದು. ‘ಕ್ವಿಕ್’ ಅನ್ನೋ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ರೆ ಆಟ ಮುಗೀತು. ವಿಂಡೋಸ್ ವಿಸ್ಟಾ ಬಂದಾಗಿಂದ ಪೂರ್ತಿ ಫಾರ್ಮ್ಯಾಟ್ ಅಂದ್ರೆ ಡಿಸ್ಕ್ ತುಂಬಾ ಸೊನ್ನೆ ಬರೆಯೋದು, ಆಮೇಲೆ ಹುಡುಕಿದ್ರೂ ಏನೂ ಸಿಗಲ್ಲ. ಎಸ್‌ಎಸ್‌ಡಿ ಆದ್ರೆ ಕ್ವಿಕ್ ಫಾರ್ಮ್ಯಾಟ್ ಆದಮೇಲೂ ಆಸೆ ಬಹಳ ಕಡಿಮೆ. ಯಾವ ಜಾಗ ಖಾಲಿ ಆಯ್ತು ಅಂತ ಕಂಪ್ಯೂಟರ್ ಅದಕ್ಕೆ ತಿಳಿಸಿಬಿಡುತ್ತೆ, ಅದು ತನ್ನ ಪಾಡಿಗೆ ಒಳಗೊಳಗೇ ಒರೆಸಿಕೊಳ್ತಾ ಹೋಗುತ್ತೆ.

ಮೂರು ಮನೆಯವರಿಗೂ ಓದೋಕೆ ಬರೋ ಒಂದು ಕ್ರಮ ಇಲ್ವೇ ಅಂತ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಇದೆ. ಆದ್ರೆ ಅದಕ್ಕೆ ಮುಂಚೆ ಯಾರ್ಯಾರದ್ದು ಏನೇನು ಅಂತ ಸ್ವಲ್ಪ ಹೇಳಿಬಿಡ್ತೀನಿ, ಆಗ ಆಯ್ಕೆ ನಿಮಗೇ ಗೊತ್ತಾಗುತ್ತೆ.

ವಿಂಡೋಸ್‌ನದ್ದು ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು, ಇವತ್ತಿಗೂ ನಿಮ್ಮ ಲ್ಯಾಪ್‌ಟಾಪ್‌ನ ಸಿ ಡ್ರೈವ್ ಅದೇ. ಒಳ್ಳೇ ಗಟ್ಟಿ ಕ್ರಮ. ಮ್ಯಾಕ್ ಅದನ್ನ ಓದುತ್ತೆ, ಆದ್ರೆ ಅದರ ಮೇಲೆ ಬರೆಯಲ್ಲ. ನಿಮ್ಮ ಮಗ ನೋಡಬಹುದು, ಕಾಪಿ ಮಾಡ್ಕೋಬಹುದು, ಅವನ ಕಡೆಯಿಂದ ಒಂದು ಫೋಟೋ ಹಾಕೋಕೆ ಆಗಲ್ಲ. ಲಿನಕ್ಸ್ ಮಾತ್ರ ಓದೋದು ಬರೆಯೋದು ಎರಡನ್ನೂ ಮಾಡುತ್ತೆ. 2021ರಲ್ಲಿ ಬಂದ 5.15ನೇ ಆವೃತ್ತಿಯಿಂದ ಅದಕ್ಕೊಂದು ಡ್ರೈವರ್ ಲಿನಕ್ಸ್‌ನ ಒಳಗೇ ಸೇರಿದೆ.

ಮ್ಯಾಕ್‌ನದ್ದು ಎರಡು. ಹಳೇದು 1998ರ ಎಚ್‌ಎಫ್‌ಎಸ್ ಪ್ಲಸ್, ಹೊಸದು 2017ರಲ್ಲಿ ಬಂದ ಎಪಿಎಫ್‌ಎಸ್. ವಿಂಡೋಸ್ ಎರಡನ್ನೂ ತಾನಾಗಿ ಓದಲ್ಲ. ಲಿನಕ್ಸ್‌ನಲ್ಲಿ ಹೆಚ್ಚಿನವರು ಬಳಸೋದು ಇಎಕ್ಸ್‌ಟಿ4, 2008ರದ್ದು. ನಿಮ್ಮ ಮಗಳ ಡಿಸ್ಕ್‌ನಲ್ಲಿರೋದು ಅದೇ. ಅದನ್ನ ಮ್ಯಾಕ್ ಓದಲ್ಲ, ವಿಂಡೋಸೂ ಡಿಸ್ಕ್ ಚುಚ್ಚಿದ ಕೂಡಲೇ ಓದಲ್ಲ.

ಎಲ್ಲ ಕಡೆ ಓದೋಕೆ ಬರೋದು ಹಳೇ ಫ್ಯಾಟ್ ವಂಶದ್ದು. ಅದರ ಮೂಲ 1977ಕ್ಕೆ ಹೋಗುತ್ತೆ. ಈಗಲೂ ಚಾಲ್ತಿಯಲ್ಲಿರೋ ಫ್ಯಾಟ್ 32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿ ಜೊತೆ. ಕಾರಿನ ಸ್ಟೀರಿಯೊ, ಹಳೇ ಟೀವಿ, ಕ್ಯಾಮೆರಾ, ಯಾವುದಕ್ಕೆ ಹಾಕಿದ್ರೂ ಓದಿಕೊಳ್ಳುತ್ತೆ. ಹಾಗಾದ್ರೆ ಅದನ್ನೇ ಹಾಕಿಬಿಡೋಣ ಅನ್ನೋ ಹಾಗಿಲ್ಲ ಮೇಷ್ಟ್ರೇ. ಅದರಲ್ಲಿ ಒಂದು ಫೈಲಿನ ಅಳತೆಯನ್ನ ಬರೆಯೋಕೆ ಇಟ್ಟಿರೋ ಜಾಗ 32 ಬಿಟ್ ಮಾತ್ರ. ಹಾಗಾಗಿ 4 ಜಿಬಿಗಿಂತ ಒಂದು ಬೈಟ್ ಕಡಿಮೆ ಇರಬೇಕು, ಅದಕ್ಕಿಂತ ದೊಡ್ಡ ಫೈಲ್ ಹಿಡಿಸೋದೇ ಇಲ್ಲ.

ಈ 4 ಜಿಬಿ ಅಂದ್ರೆ ಎಷ್ಟು ಅಂತ ನಾನು ಆಟದ ರಾತ್ರಿಯಲ್ಲೇ ಲೆಕ್ಕ ಹಾಕಿ ಹೇಳ್ತೀನಿ. ನನ್ನ ಕ್ಯಾಮೆರಾ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಬರೆಯುತ್ತೆ. ಅಂದ್ರೆ ಸೆಕೆಂಡಿಗೆ 3 ಎಂಬಿ, ಗಂಟೆಗೆ ಹೆಚ್ಚುಕಮ್ಮಿ 11 ಜಿಬಿ. 4 ಜಿಬಿ ತುಂಬೋಕೆ 24 ನಿಮಿಷ ಸಾಕು. ‘ಗದಾಯುದ್ಧ’ದಲ್ಲಿ ಕೌರವನ ಪ್ರವೇಶ ಆಗಿ ಒಂದೆರಡು ಪದ್ಯ ಮುಗಿಯೋದರೊಳಗೆ 4 ಜಿಬಿ ಮುಗಿದಿರುತ್ತೆ. ಫ್ಯಾಟ್ 32 ಕಾರ್ಡಿಗೆ ಬರೆಯೋ ಕ್ಯಾಮೆರಾ ತುಂಡು ತುಂಡು ಫೈಲ್ ಮಾಡ್ಕೊಂಡು ಹೋಗುತ್ತೆ. ನಾನು ಸ್ಟುಡಿಯೊದಲ್ಲಿ ಅವನ್ನೆಲ್ಲ ಜೋಡಿಸಿ ಇಡೀ ಪ್ರಸಂಗ ಒಂದೇ ಫೈಲ್ ಮಾಡಿ ಕೊಟ್ರೆ ಅದು ಫ್ಯಾಟ್ 32 ಡಿಸ್ಕಿಗೆ ಹೋಗಲ್ಲ. 900 ಜಿಬಿ ಖಾಲಿ ಜಾಗ ಇದ್ರೂ ‘ಫೈಲ್ ಬಹಳ ದೊಡ್ಡದು’ ಅಂತ ತಿರುಗಿ ಕಳಿಸುತ್ತೆ. ಜನ ನನಗೆ ಫೋನ್ ಮಾಡ್ತಾರೆ, ‘ಡಿಸ್ಕ್ ಖಾಲಿ ಇದೆ, ಆದ್ರೂ ತುಂಬಿದೆ ಅನ್ನುತ್ತೆ’ ಅಂತ. ಜಾಗದ ಕೊರತೆ ಇಲ್ಲ ಅಲ್ಲಿ, ಅಷ್ಟು ದೊಡ್ಡ ಸಂಖ್ಯೆ ಬರೆಯೋ ಮನೆ ಅದರ ಪಟ್ಟಿಯಲ್ಲಿಲ್ಲ.

ಫ್ಯಾಟ್ 32ರ ಬಗ್ಗೆ ಇನ್ನೊಂದು ಹೇಳಬೇಕು. ವಿಂಡೋಸ್‌ನ ಫಾರ್ಮ್ಯಾಟ್ ಪೆಟ್ಟಿಗೆಯಲ್ಲಿ ನೋಡಿದ್ರೆ 32 ಜಿಬಿಗಿಂತ ದೊಡ್ಡ ಡಿಸ್ಕಿಗೆ ಆ ಆಯ್ಕೆ ಬಹಳ ಕಾಲ ಕಾಣ್ತಾನೇ ಇರಲಿಲ್ಲ. ಫ್ಯಾಟ್ 32 ಅಷ್ಟಕ್ಕೇ ನಿಲ್ಲುತ್ತೆ ಅಂತ ಜನ ನಂಬಿಬಿಟ್ರು. ನಿಜಕ್ಕೂ ಅದು 2 ಟಿಬಿವರೆಗೂ ಹೋಗುತ್ತೆ. ಆ ಪೆಟ್ಟಿಗೆ ಬರೆದ ಡೇವ್ ಪ್ಲಮ್ಮರ್ ಅನ್ನೋ ಎಂಜಿನಿಯರ್ ತಾನೇ ಹೇಳಿದ್ದಾರೆ, 1994ರ ಕೊನೆಯಲ್ಲಿ ಒಂದು ದಿನ ತಾತ್ಕಾಲಿಕ ಅಂತ ಬರೆದ ಪೆಟ್ಟಿಗೆ ಅದು, 32 ಅನ್ನೋ ಮಿತೀನೂ ಅವತ್ತೇ ತಾವೇ ಇಟ್ಟದ್ದು ಅಂತ. ಕಮಾಂಡ್ ಕೊಟ್ಟು ಫಾರ್ಮ್ಯಾಟ್ ಮಾಡುವಾಗ ಆ ಮಿತೀನ 2 ಟಿಬಿಗೆ ಏರಿಸ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿದ್ದು 2024ರಲ್ಲಿ. ಒಬ್ಬರು ಒಂದು ದಿನ ಮಾಡಿದ ತೀರ್ಮಾನ 30 ವರ್ಷ ಊರೂರಿನ ಜನರ ಕೈ ಕಟ್ಟಿ ಹಾಕಿತ್ತು. ಅದಕ್ಕೇ ನಾನು ಹೇಳೋದು, ಪರದೆ ಮೇಲೆ ಬಂದ ಮಾತನ್ನೆಲ್ಲ ಕೊನೇ ಮಾತು ಅಂದುಕೋಬಾರದು.

ಈ ತಾಪತ್ರಯಕ್ಕೆ ಪರಿಹಾರವಾಗಿ ಬಂದದ್ದು ಎಕ್ಸ್‌ಫ್ಯಾಟ್. 2006ರಲ್ಲಿ ಮೈಕ್ರೋಸಾಫ್ಟ್ ತಂತು. 4 ಜಿಬಿ ಮಿತಿ ಇದಕ್ಕಿಲ್ಲ, ಇಡೀ ರಾತ್ರಿಯ ಆಟವನ್ನ ಒಂದೇ ಫೈಲ್ ಮಾಡಿ ಹಾಕಬಹುದು. ಮ್ಯಾಕ್‌ಗೆ 2010ರಲ್ಲಿ ಬಂತು, 10.6.5 ಆವೃತ್ತಿಯಲ್ಲಿ. ಲಿನಕ್ಸ್‌ನವರಿಗೆ ಮಾತ್ರ ಬಹಳ ಕಾಲ ಕಷ್ಟ ಇತ್ತು, ಯಾಕಂದ್ರೆ ಅದು ಪೇಟೆಂಟ್ ಇದ್ದ ತಂತ್ರ. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟೇ ಮುಂದೆ ಬಂದು ಅದರ ಪೂರ್ತಿ ವಿವರಣೆಯನ್ನ ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ ಲಿನಕ್ಸ್‌ಗೆ ಸೇರಿತು, 2020ರಲ್ಲಿ ಸ್ಯಾಮ್‌ಸಂಗ್‌ನವರು ಬರೆದ ಒಳ್ಳೇ ಡ್ರೈವರ್ ಬಂತು. ಈಗ ಮೂರೂ ಮನೆಯವರು ಯಾವ ಹೊಸ ತಂತ್ರಾಂಶಾನೂ ಹಾಕದೆ ಓದಬಹುದು, ಬರೆಯಬಹುದು. ನಿಮ್ಮ ಮನೆಯ ಪರಿಸ್ಥಿತಿಗೆ, ಅಂದ್ರೆ ಮಗಳು ಉಬುಂಟು, ಮಗ ಮ್ಯಾಕ್, ನೀವು ವಿಂಡೋಸ್ ಅನ್ನೋ ಮನೆಗೆ, ಊರೂರು ತಿರುಗೋ ಡಿಸ್ಕ್ ಎಕ್ಸ್‌ಫ್ಯಾಟ್ ಆಗಿರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಕ್ಕ ಒಳಗಿಂದ ಏನೋ ಕೇಳ್ತಾ ಇದ್ದಾರಲ್ಲ? ಟೀವಿಗೆ ಹಾಕಿದ್ರೆ ಬರುತ್ತಾ ಅಂತಲಾ? ಅಕ್ಕಾ, ಈಚಿನ ಎಷ್ಟೋ ಟೀವಿಗಳು ಎಕ್ಸ್‌ಫ್ಯಾಟ್ ಓದ್ತವೆ, ಹಳೇ ಟೀವಿ ಆದ್ರೆ ಹೇಳೋಕಾಗಲ್ಲ. ಟೀವಿ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಯುಎಸ್‌ಬಿ ಅನ್ನೋ ಪುಟ ಇರುತ್ತೆ, ಅದರಲ್ಲಿ ಯಾವುದೆಲ್ಲ ಓದುತ್ತೆ ಅಂತ ಬರೆದಿರ್ತಾರೆ. ಓದಲ್ಲ ಅಂತಾದ್ರೆ ಫ್ಯಾಟ್ 32 ಪೆನ್‌ಡ್ರೈವ್‌ಗೆ ನಾನೇ ಭಾಗ ಮಾಡಿ ಹಾಕಿಕೊಡ್ತೀನಿ.

ಎಕ್ಸ್‌ಫ್ಯಾಟ್‌ಗೂ ಒಂದು ದೌರ್ಬಲ್ಯ ಇದೆ, ಅದನ್ನ ಹೇಳದೆ ಇರಬಾರದು. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಇವೆಲ್ಲ ಏನಾದ್ರೂ ಬದಲಾವಣೆ ಮಾಡೋ ಮುಂಚೆ ‘ಈಗ ಇಂಥದ್ದು ಮಾಡ್ತೀನಿ’ ಅಂತ ಒಂದು ಕಡೆ ಗುರುತು ಹಾಕ್ಕೊಳ್ತವೆ. ಅರ್ಧದಲ್ಲಿ ಕರೆಂಟ್ ಹೋದ್ರೂ ಆಮೇಲೆ ಆ ಗುರುತು ನೋಡ್ಕೊಂಡು ಸರಿಪಡಿಸಿಕೊಳ್ತವೆ. ಎಪಿಎಫ್‌ಎಸ್ ಕೂಡ ಬೇರೆ ರೀತಿಯಲ್ಲಿ ಈ ರಕ್ಷಣೆ ಇಟ್ಕೊಂಡಿದೆ. ಎಕ್ಸ್‌ಫ್ಯಾಟ್‌ಗೆ ಅಂಥ ಏರ್ಪಾಡಿಲ್ಲ. ಬರೀತಾ ಇರುವಾಗ ಕೇಬಲ್ ಕಿತ್ತರೆ ಪಟ್ಟಿ ಒಂದು ಹೇಳುತ್ತೆ, ಡಿಸ್ಕ್‌ನಲ್ಲಿ ಇನ್ನೊಂದು ಇರುತ್ತೆ. ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಒಂದು ಗಾಳಿ ಬೀಸಿದ್ರೆ ಲೈನ್ ಮೇಲೆ ಮರ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಫೈಲ್ ಕಾಪಿ ಹಾಕಬೇಡಿ, ಬ್ಯಾಟರಿ ಇರೋ ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಕೆಲಸ ಮುಗಿದ ಮೇಲೆ ವಿಂಡೋಸ್‌ನಲ್ಲಿ ಕೆಳಗೆ ಮೂಲೆಯಲ್ಲಿರೋ ಯುಎಸ್‌ಬಿ ಚಿತ್ರ ಒತ್ತಿ ‘ಇಜೆಕ್ಟ್’ ಕೊಟ್ಟೇ ತೆಗೀರಿ. ಮ್ಯಾಕ್‌ನಲ್ಲೂ ಅಷ್ಟೇ, ಉಬುಂಟುವಿನಲ್ಲೂ ಅಷ್ಟೇ. ಹಾಳಾಗೋದು ಬಹುಪಾಲು ಎಳೆಯೋ ಆ ಒಂದು ಕ್ಷಣದಲ್ಲೇ.

ಮಾಡೋ ವಿಧಾನ ಕಷ್ಟ ಏನಿಲ್ಲ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ಬಲಗಡೆ ಗುಂಡಿ ಒತ್ತಿ ‘ಫಾರ್ಮ್ಯಾಟ್’ ಆರಿಸಿದ್ರೆ ಚಿಕ್ಕ ಪೆಟ್ಟಿಗೆ ಬರುತ್ತೆ. ಮೇಲೆ ಡಿಸ್ಕಿನ ಅಳತೆ ಇರುತ್ತೆ, ಅದನ್ನ ಮೊದಲು ನೋಡಿ. ನಿಮ್ಮದು 1 ಟಿಬಿ, ಅಲ್ಲಿ 931 ಜಿಬಿ ಅಂತ ಇರಬೇಕು. ಬೇರೆ ಏನಾದ್ರೂ ಇದ್ರೆ ತಪ್ಪು ಡ್ರೈವ್ ಹಿಡಿದಿದ್ದೀರಿ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಆಮೇಲೆ ‘ಫೈಲ್ ಸಿಸ್ಟಂ’ ಅನ್ನೋ ಕಡೆ ಎಕ್ಸ್‌ಫ್ಯಾಟ್ ಆರಿಸಿ. ‘ವಾಲ್ಯೂಮ್ ಲೇಬಲ್’ ಅನ್ನೋ ಕಡೆ ಹೆಸರು ಕೊಡಿ. ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿಗೆ 11 ಮನೆ ಮಾತ್ರ, ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಮನೆ ತಿನ್ನುತ್ತೆ. ‘ಯಕ್ಷಗಾನ’ ಅಂತ ಬರೆದ್ರೆ ಏಳು ಮನೆ, ಸಲೀಸಾಗಿ ಹಿಡಿಸುತ್ತೆ. ಮಿಕ್ಕದ್ದು ಇದ್ದ ಹಾಗೇ ಬಿಟ್ಟು ‘ಸ್ಟಾರ್ಟ್’ ಕೊಡಿ.

ಮಗ ಮ್ಯಾಕ್‌ನಲ್ಲಿ ಮಾಡೋದಾದ್ರೆ ‘ಡಿಸ್ಕ್ ಯುಟಿಲಿಟಿ’ ತೆಗೆದು ‘ವ್ಯೂ’ ಪಟ್ಟಿಯಲ್ಲಿ ‘ಷೋ ಆಲ್ ಡಿವೈಸಸ್’ ಒತ್ತಲಿ. ಇಲ್ಲದಿದ್ರೆ ಇಡೀ ಡಿಸ್ಕ್ ಕಾಣಲ್ಲ, ಅದರ ಒಳಗಿನ ಪಾಲು ಮಾತ್ರ ಕಾಣುತ್ತೆ. ಮೇಲಿನ ಸಾಲು ಹಿಡಿದು ‘ಇರೇಸ್’ ಕೊಟ್ಟು, ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ಸ್ಕೀಮ್ ‘ಜಿಯುಐಡಿ ಪಾರ್ಟಿಷನ್ ಮ್ಯಾಪ್’ ಅಂತ ಆರಿಸಲಿ. ಸ್ಕೀಮ್‌ನಲ್ಲಿ ‘ಮಾಸ್ಟರ್ ಬೂಟ್ ರೆಕಾರ್ಡ್’ ಅಂತ ಹಳೇದೂ ಒಂದಿರುತ್ತೆ. ಅದು 1983ರ ಕಾಲದ್ದು, ಸಾಮಾನ್ಯವಾಗಿ 2 ಟಿಬಿಗಿಂತ ಆಚೆ ಅದಕ್ಕೆ ಲೆಕ್ಕ ಬರಲ್ಲ. 4 ಟಿಬಿ ಡಿಸ್ಕಿಗೆ ಅದನ್ನ ಹಾಕಿದ್ರೆ ಅರ್ಧ ಡಿಸ್ಕ್ ದಂಡ. ಇನ್ನೊಂದು ಎಚ್ಚರ, ಮಗ ಈ ಡಿಸ್ಕನ್ನ ‘ಟೈಮ್ ಮಷಿನ್’ ಬ್ಯಾಕಪ್‌ಗೆ ಕೊಡಬಾರದು. ಕೊಟ್ರೆ ಮ್ಯಾಕ್ ಅದನ್ನ ಅಳಿಸಿ ತನ್ನ ಕ್ರಮಕ್ಕೆ ಬರೆದುಕೊಳ್ಳುತ್ತೆ. ಅದಕ್ಕೆ ಅವನು ಬೇರೆ ಡಿಸ್ಕ್ ಇಟ್ಕೊಳ್ಳಲಿ.

ಹಾಂ, 931 ಅಂದೆನಲ್ಲ, ಅದಕ್ಕೆ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ನೀವು ಗಣಿತದ ಮೇಷ್ಟ್ರು, ನೀವೇ ಭಾಗಿಸಿ ನೋಡಿ. ಡಿಸ್ಕ್ ತಯಾರಿಸೋರು 1 ಟಿಬಿ ಅಂದ್ರೆ ಒಂದರ ಮುಂದೆ 12 ಸೊನ್ನೆ ಅಂತಾರೆ. ವಿಂಡೋಸ್ 1 ಜಿಬಿ ಅಂದ್ರೆ 1024ನ್ನ ಮೂರು ಸಲ ಗುಣಿಸಿದ್ದು ಅನ್ನುತ್ತೆ. ಆ ಲಕ್ಷ ಕೋಟಿ ಬೈಟನ್ನ ಈ ಜಿಬಿಯಿಂದ ಭಾಗಿಸಿದ್ರೆ 931 ಬರುತ್ತೆ. ಮ್ಯಾಕ್ 2009ರಿಂದ ಸಾವಿರದ ಲೆಕ್ಕವನ್ನೇ ತೋರಿಸುತ್ತೆ, ಅಲ್ಲಿ ನಿಮ್ಮ ಡಿಸ್ಕ್ 1 ಟಿಬಿ ಅಂತಲೇ ಕಾಣುತ್ತೆ. ಒಂದು ಬೈಟೂ ಎಲ್ಲೂ ಹೋಗಿಲ್ಲ.

ಈಗ ನಮ್ಮ ಕನ್ನಡದವರೂ ಎದುರಿಸೋ ಒಂದು ಸಂಗತಿ ಹೇಳ್ತೀನಿ, ಇದನ್ನ ಯಾರೂ ಹೇಳಿಕೊಡಲ್ಲ. ನೀವು ಫೈಲುಗಳಿಗೆ ಕನ್ನಡದಲ್ಲೇ ಹೆಸರು ಕೊಡ್ತೀರಿ, ನನಗೆ ಅದು ಬಹಳ ಇಷ್ಟ. ಪ್ರಸಂಗದ ಹೆಸರು, ಊರು, ವರ್ಷ, ಭಾಗವತರು, ಮದ್ದಳೆ, ಚೆಂಡೆ ಎಲ್ಲ ಸೇರಿಸಿ ಉದ್ದಕ್ಕೆ ಬರೀತೀರಿ. ವಿಂಡೋಸ್‌ನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿಗೆ 255 ಮನೆ ಇದೆ. ಮಗಳ ಇಎಕ್ಸ್‌ಟಿ4ನಲ್ಲಿ ಮಿತಿ ಇರೋದು 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಶ್ರೀ’ ಅನ್ನೋ ಒಂದಕ್ಷರದಲ್ಲಿ ಶ, ವಿರಾಮ ಚಿಹ್ನೆ, ರ, ದೀರ್ಘ ಹೀಗೆ ನಾಲ್ಕು ಚಿಹ್ನೆ, ಅಲ್ಲಿಗೆ 12 ಬೈಟ್. 255ನ್ನ ಮೂರರಿಂದ ಭಾಗಿಸಿದ್ರೆ 85 ಚಿಹ್ನೆ. ನಿಮ್ಮ ಉದ್ದನೆಯ ಹೆಸರಿನ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದ್ದು ಮಗಳ ಲ್ಯಾಪ್‌ಟಾಪ್‌ಗೆ ಕಾಪಿ ಆಗದೆ ನಿಂತ್ರೆ ಕಾರಣ ಇದೇ. ಹೆಸರು ಚಿಕ್ಕದು ಮಾಡಿ, ಮಿಕ್ಕ ವಿವರಾನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡಿ.

ಇನ್ನು ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಎರಡು ಚುಕ್ಕಿ, ನಕ್ಷತ್ರ ಚಿಹ್ನೆ ಹಾಕಬೇಡಿ. ಉಬುಂಟು ತನ್ನ ಡಿಸ್ಕ್‌ನಲ್ಲಿ ಅದನ್ನ ಒಪ್ಪುತ್ತೆ, ಎಕ್ಸ್‌ಫ್ಯಾಟ್‌ನಲ್ಲಿ ಆಗಲ್ಲ, ವಿಂಡೋಸ್‌ನಲ್ಲೂ ಆಗಲ್ಲ. ಸಮಯ ಬರೆಯುವಾಗ 9:30 ಅಂತ ಎರಡು ಚುಕ್ಕಿ ಇಡೋ ಅಭ್ಯಾಸ ಎಲ್ಲರಿಗೂ ಇದೆ, 9-30 ಅಂತ ಬರೀರಿ, ಸಾಕು.

ಹಳೇ ಮ್ಯಾಕ್‌ನದ್ದು ಇನ್ನೂ ಸೂಕ್ಷ್ಮ. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನ ಬಿಡಿಸಿ ಇಡುತ್ತೆ. ‘ಕೀಚಕ ವಧೆ’ ಅಂತ ನೀವು ಬರೆದ್ರೆ ‘ಕೀ’ಯಲ್ಲಿರೋ ದೀರ್ಘದ ಗುಡಿಸನ್ನ ಹ್ರಸ್ವದ ಗುಡಿಸು ಒಂದು, ದೀರ್ಘದ ಗೆರೆ ಒಂದು ಅಂತ ಎರಡು ಚಿಹ್ನೆ ಮಾಡಿ ಇಡುತ್ತೆ. ‘ಕೋ’ ಅನ್ನೋದರ ಕಾಗುಣಿತ ಮೂರು ಚಿಹ್ನೆ ಆಗುತ್ತೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಕಂಪ್ಯೂಟರಿಗೆ ಎರಡೂ ಬೇರೆ. ಅಂಥ ಮ್ಯಾಕ್‌ನಲ್ಲಿ ಜಿಪ್ ಮಾಡಿ ತಂದ ಫೈಲುಗಳನ್ನ ಬೇರೆ ಕಂಪ್ಯೂಟರಿನಲ್ಲಿ ಬಿಡಿಸಿ, ‘ಕೀಚಕ’ ಅಂತ ಟೈಪ್ ಮಾಡಿ ಹುಡುಕಿದ್ರೆ ಕಣ್ಣೆದುರೇ ಇದ್ದರೂ ಸಿಗದೆ ಹೋಗಬಹುದು. ಹೊಸ ಎಪಿಎಫ್‌ಎಸ್ ನೀವು ಕೊಟ್ಟ ಹೆಸರನ್ನ ಹಾಗೇ ಇಟ್ಕೊಳ್ಳುತ್ತೆ. ಫೈಲ್ ಸಿಗ್ತಿಲ್ಲ ಅಂದ ಕೂಡಲೇ ಕಳೆದುಹೋಯ್ತು ಅಂದುಕೋಬೇಡಿ. ವರ್ಷದ ಅಂಕಿ ಹಾಕಿ ಹುಡುಕಿ, ಅಂಕಿಗೆ ಈ ತೊಂದರೆ ಇಲ್ಲ.

ಹಾಗಾದ್ರೆ ಈ ಡಿಸ್ಕನ್ನ ಎಕ್ಸ್‌ಫ್ಯಾಟ್ ಮಾಡಿಬಿಡೋಣ ಅಂತೀರಾ? ಬೇಡ, ತಡೀರಿ. ಇಎಕ್ಸ್‌ಟಿ4ನಿಂದ ಎಕ್ಸ್‌ಫ್ಯಾಟ್‌ಗೆ ಒಳಗಿರೋದನ್ನ ಉಳಿಸಿಕೊಂಡು ಬದಲಾಯಿಸೋ ಗುಂಡಿ ವಿಂಡೋಸ್‌ನಲ್ಲೂ ಇಲ್ಲ, ಉಬುಂಟುವಿನಲ್ಲೂ ಇಲ್ಲ. ಒಳಗಿರೋದನ್ನ ಮೊದಲು ಇನ್ನೊಂದು ಕಡೆಗೆ ಕಾಪಿ ಮಾಡಬೇಕು. ಸಂಜೆ ನನ್ನ ಹತ್ರ ಇರೋ ಉಬುಂಟು ಪೆನ್‌ಡ್ರೈವ್ ತರ್ತೀನಿ. ನಿಮ್ಮ ಲ್ಯಾಪ್‌ಟಾಪನ್ನ ಅದರಿಂದ ಶುರು ಮಾಡಿದ್ರೆ ವಿಂಡೋಸನ್ನ ಮುಟ್ಟದೇನೇ ಈ ಡಿಸ್ಕ್ ಓದಬಹುದು. 90 ನಿಮಿಷದ ಕ್ಯಾಸೆಟನ್ನ ಮಗಳು ಕುಗ್ಗಿಸದೆ ಡಬ್ಲ್ಯುಎವಿ ಮಾಡಿದ್ದಾಳೆ ಅಂದ್ರೆ ಒಂದೊಂದು ಕ್ಯಾಸೆಟ್ 950 ಎಂಬಿ ಆಗಿರುತ್ತೆ. ಸೆಕೆಂಡಿಗೆ 100 ಎಂಬಿ ಓಡಿದ್ರೂ ತುಂಬಿದ 1 ಟಿಬಿ ಡಿಸ್ಕ್ ಕಾಪಿ ಆಗೋಕೆ ಎರಡೂಮುಕ್ಕಾಲು ಗಂಟೆ ಬೇಕು. ಅವಸರ ಇಲ್ಲದ ದಿನವೇ ಮಾಡೋಣ. ಕಾಪಿ ಆಯ್ತು ಅಂತ ಪರದೆ ಹೇಳಿದ ಮೇಲೂ ಐದಾರು ಫೈಲ್ ತೆಗೆದು ಮೊದಲು, ನಡುವೆ, ಕೊನೆ ಕೇಳಿ ನೋಡಬೇಕು. ಎಷ್ಟು ಫೈಲ್ ಇತ್ತು, ಎಷ್ಟು ಬಂತು ಅಂತ ಲೆಕ್ಕ ಹೊಂದಿಸಬೇಕು. ಇದೆಲ್ಲ ಆಗದೆ ಫಾರ್ಮ್ಯಾಟ್ ಮಾತೇ ಬೇಡ.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಿಮ್ಮ ತಮ್ಮನವರ ದನಿ ಈ ಊರಿನವರು ಎಷ್ಟು ರಾತ್ರಿ ಕೇಳಿದ್ದಾರೆ. ಅವರು ಹೋದ ಮೇಲೆ ಉಳಿದದ್ದು ಆ ಕ್ಯಾಸೆಟ್‌ಗಳು. ಮಲೆನಾಡಿನ ತೇವಕ್ಕೆ ಅದರ ಟೇಪ್‌ಗೆ ಬೂಷ್ಟು ಹಿಡೀತಾ ಇದೆ, ಇನ್ನೊಂದು ಸಲ ಓಡಿಸಿದ್ರೆ ಓಡುತ್ತೋ ಇಲ್ಲವೋ ಹೇಳೋಕಾಗಲ್ಲ. ಅಂದ್ರೆ ಸದ್ಯಕ್ಕೆ ಅಷ್ಟೂ ಭಾಗವತಿಕೆ ಇರೋದು ನಿಮ್ಮ ಜಗಲಿ ಮೇಲಿರೋ ಅಂಗೈ ಅಗಲದ ಆ ಪೆಟ್ಟಿಗೆಯಲ್ಲಿ. ಎಕ್ಸ್‌ಫ್ಯಾಟೋ, ಇಎಕ್ಸ್‌ಟಿ4ಓ, ಎನ್‌ಟಿಎಫ್‌ಎಸ್ಸೋ, ಯಾವ ಕ್ರಮದಲ್ಲಿ ಬರೆದ್ರೂ ಡಿಸ್ಕ್ ಅನ್ನೋದು ಯಂತ್ರ. ಒಂದಲ್ಲ ಒಂದು ದಿನ ನಿಲ್ಲೋದೇ. ಫಾರ್ಮ್ಯಾಟ್ ಸರಿಯಾಗಿದ್ರೆ ಎಲ್ಲರೂ ಓದಬಹುದು ಅಷ್ಟೇ, ಉಳಿಸೋ ಕೆಲಸ ಅದು ಮಾಡಲ್ಲ. ಉಳಿಸೋದು ಇನ್ನೊಂದು ಪ್ರತಿ.

ಅದಕ್ಕೇ ಮೇಷ್ಟ್ರೇ, ಈ ವಾರ ಪೇಟೆಗೆ ಹೋದಾಗ ಇದೇ ಅಳತೆಯ ಇನ್ನೊಂದು ಡಿಸ್ಕ್ ತನ್ನಿ. ಮೊದಲು ಅದನ್ನ ಎಕ್ಸ್‌ಫ್ಯಾಟ್ ಮಾಡಿ ಎಲ್ಲವನ್ನೂ ಅದಕ್ಕೆ ಹಾಕೋಣ, ನೀವು ದಿನಾ ಕೇಳೋಕೆ ಅದು ಇರಲಿ. ಮಗಳು ಕೊಟ್ಟದ್ದನ್ನ ಹಾಗೇ, ಫಾರ್ಮ್ಯಾಟ್ ಮಾಡದೇನೇ, ಅವಳ ಹತ್ರ ಮಂಗಳೂರಿಗೆ ಕಳಿಸಿಬಿಡಿ. ಎರಡು ಪ್ರತಿ ಎರಡು ಊರಲ್ಲಿರಲಿ. ವರ್ಷಕ್ಕೊಂದು ಸಲ ಎರಡನ್ನೂ ಹಾಕಿ ಓದುತ್ತಾ ಅಂತ ನೋಡಿ. ಒಂದೇ ಡಿಸ್ಕ್‌ನಲ್ಲಿರೋದನ್ನ ನಮ್ಮ ಹತ್ರ ಇದೆ ಅಂತ ಲೆಕ್ಕ ಹಿಡಿಯಬೇಡಿ.